ಫೋಡಶಿ ಪಲ್ಯ

ಜೂನ್ ೨೪, ಸೋಮವಾರ

ಪ್ರಾಚಾರ್ಯೆ ಗಂಗಾದೇವಿ ಮೇಡಂ ಇಂದು ಕರೆದು ಹೊಸ ಐಚ್ಛಿಕ ವಿಷಯವೊಂದನ್ನು ನನ್ನ ಕೊರಳಿಗೆ ಕಟ್ಟಿದರು. 'ಔಷಧಿ ಸಸ್ಯಗಳು ಮತ್ತು ಅಡುಗೆಯ ಸೊಪ್ಪುಗಳು.' ಕಲಾ, ವಾಣಿಜ್ಯ ಓದುವವರೂ ತೆಗೆದುಕೊಳ್ಳಬಹುದಂತೆ. ಕೆರೆಯ ಪಾಚಿಗಳ ಮೇಲೆ ಡಾಕ್ಟರೇಟ್ ಮಾಡಿ, ಇಪ್ಪತ್ತಾರು ವರ್ಷ ಸಸ್ಯಶಾಸ್ತ್ರ ಕಲಿಸಿದವನು ಇನ್ನು ಬಿ.ಕಾಂ. ಮಕ್ಕಳಿಗೆ ಮೆಂತ್ಯ, ಪುದೀನ ತೋರಿಸಬೇಕು.

"ನಿಮಗ ಗಿಡದ ಮಾತು ಹೊಸಾದೇನ್ರಿ ಪದ್ಮಾಕರ ಸರ್? ಕುಂತಲ್ಲೇ ಹೇಳ್ತೀರಿ" ಎಂದರು ಮೇಡಂ. ಒಪ್ಪಿಕೊಂಡೆ. ಮುಂದಿನ ವರ್ಷ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗುತ್ತದೆ. ಈಗ ಆಗುವುದಿಲ್ಲ ಅನ್ನುವುದು ಜಾಣತನವಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ನಕ್ಕಳು. "ಮಿರಗ ಮಳಿ ಬಿದ್ದ ಮ್ಯಾಲ ನಮ್ಮ ಮನ್ಯಾಗ ತಪ್ಪಲ ಪಲ್ಯ ಒಳಗ ಬರೂದಿಲ್ಲ. ನೀ ಮಂದಿ ಮಕ್ಕಳಿಗೆ ಏನ ಕಲಸ್ತೀಯೋ?" ಮಳೆಗಾಲದ ಸೊಪ್ಪಿನಲ್ಲಿ ಸಣ್ಣ ಜೀವಗಳಿರುತ್ತವೆಂದು ನಾವು ಜೈನರು ಚಾತುರ್ಮಾಸದಲ್ಲಿ ಅದನ್ನು ತಿನ್ನುವುದಿಲ್ಲ. ಅಮ್ಮ ಇನ್ನೂ ಮೊದಲೇ ನಿಲ್ಲಿಸಿಬಿಡುತ್ತಾಳೆ. ತಿನ್ನದಿದ್ದರೇನು, ಪುಸ್ತಕಗಳಿಲ್ಲವೇ.

ಜುಲೈ ೪, ಗುರುವಾರ

ಮೂವತ್ತಾರು ಮಕ್ಕಳು. ಟಿಪ್ಪಣಿಯನ್ನು ಎರಡು ಸಂಜೆಗಳಲ್ಲಿ ಮುಗಿಸಿದ್ದೆ, ಚಿತ್ರಗಳು ಇಂಟರ್‌ನೆಟ್‌ನಿಂದ. ತುಳಸಿ, ಒಂದೆಲಗ, ಅಮೃತಬಳ್ಳಿ, ಆಮೇಲೆ ಖಾನಾಪುರದ ಕಾಡಂಚಿನಲ್ಲಿ ಮಳೆಗಾಲಕ್ಕೆ ಏಳುವ ಸೊಪ್ಪುಗಳು: ತಗಟೆ, ಫೋಡಶಿ, ಕೆಸು.

ಮುಂದಿನ ಬೆಂಚಿನಲ್ಲಿ ಅನಗೋಳದ ಹುಡುಗಿಯೊಬ್ಬಳು ಕೂರುತ್ತಾಳೆ. ಸಪ್ನಾ ಎಂದು ಹೆಸರು, ಎರಡನೆಯ ವರ್ಷದ ಬಿ.ಕಾಂ. ಪ್ರಶ್ನೆಗಳು ಜಾಸ್ತಿ. "ಸರ್, ಫೋಡಶಿ ಹುಲ್ಲಿನಂಗ ಕಾಣತೈತಲ್ರಿ, ಹುಲ್ಲು ಯಾವುದು, ಅದು ಯಾವುದು, ಹೆಂಗ ಗೊತ್ತಾಗತೈತಿ?" ಕ್ಷೇತ್ರ ಭೇಟಿಯಲ್ಲಿ ತೋರಿಸುತ್ತೇನೆ ಎಂದೆ.

ಅಡುಗೆ ಮಾಡುತ್ತೀಯೇನಮ್ಮಾ ಎಂದು ಕೇಳಿದ್ದಕ್ಕೆ ಉಳಿದವರೆಲ್ಲ ನಕ್ಕರು. ಅವಳೂ ನಕ್ಕಳು. "ಇಲ್ರಿ ಸರ್. ಅವ್ವ ಹೊಲಿಗಿ ಮಿಷನ್ ಮ್ಯಾಲ ಕುಂತಾಕಿ ಮತ್ತ ಎದ್ದು ಒಲಿ ಹಚ್ಚತಾಳ, ನನಗ ಹಚ್ಚಗೊಡೂದಿಲ್ಲ. ಅದಕ್ಕs ಈ ವಿಷಯ ತೊಗೊಂಡೀನಿ."

ಜುಲೈ ೧೩, ಶನಿವಾರ

ಖಾನಾಪುರಕ್ಕೆ ಕ್ಷೇತ್ರ ಭೇಟಿ. ಮಲಪ್ರಭೆ ಸೇತುವೆಯ ಕೆಳಗೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಊರು ದಾಟಿ ಲೋಂಡಾ ರಸ್ತೆಯಲ್ಲಿ ಐದಾರು ಮೈಲಿ ಹೋಗಿ ಬಸ್ಸು ನಿಲ್ಲಿಸಿದೆವು. ಜಿಟಿಜಿಟಿ ಮಳೆ. ಜಂಬಿಟ್ಟಿಗೆ ಕಲ್ಲಿನ ಬಯಲಿನ ತುಂಬ ಹೊಸ ಹಸಿರು.

ನಮ್ಮ ವಿಭಾಗದ ಅಟೆಂಡರ್ ತಮ್ಮಣ್ಣ ಅಲ್ಲಿಯವನೇ. "ನಮ್ಮ ಚಿಗವ್ವ ಸಾತವ್ವನ್ನ ಕರಕೊಂಡು ಹೋಗೂಣು ಸರ್, ಆಕಿ ದಿನಾ ಇದನ್ನs ಕೊಯ್ದು ಸಂತಿಗೆ ಒಯ್ತಾಳ" ಎಂದ. ಬೇಡವೆಂದೆ. ಕಾಲೇಜಿನ ತರಗತಿಗೆ ಸಂತೆಯವರನ್ನು ಕರೆಯುವುದು ಚೆನ್ನಾಗಿ ಕಾಣುವುದಿಲ್ಲ.

ಭೇಟಿ ಯಶಸ್ವಿಯಾಯಿತು. ಮಕ್ಕಳು ಉತ್ಸಾಹದಿಂದ ಏನೇನೋ ಹಿಡಿದುಕೊಂಡು ಬಂದು ಕೇಳಿದರು. ಎಲ್ಲಕ್ಕೂ ಉತ್ತರಿಸಿದೆ.

ಜುಲೈ ೧೫, ಸೋಮವಾರ

ಬೆಳಿಗ್ಗೆ ಆಸ್ಪತ್ರೆಯೊಂದರಿಂದ ಕಾಲೇಜಿಗೆ ಫೋನು ಬಂತು. ಸಪ್ನಾಳ ತಾಯಿ ಕಾಂತಾ ತೀವ್ರ ನಿಗಾ ಘಟಕದಲ್ಲಿದ್ದಾರೆ, ಯಾವುದೋ ಸೊಪ್ಪು ತಿಂದಿದ್ದಾರೆ, ಗಿಡ ಯಾವುದೆಂದು ಹೇಳುವವರು ಬೇಕು. ನಾನೇ ಹೋದೆ.

ಹುಡುಗಿ ಬಾಗಿಲ ಹೊರಗೆ ನೆಲದ ಮೇಲೆ ಕುಳಿತಿದ್ದಳು. ಶನಿವಾರ ಕೊಯ್ದುಕೊಂಡು ಹೋದ ಸೊಪ್ಪನ್ನು ನಿನ್ನೆ ಮಧ್ಯಾಹ್ನ ಪಲ್ಯ ಮಾಡಿದಳಂತೆ. ಅವಳ ಜೀವನದ ಮೊದಲ ಅಡುಗೆ. ತಂದೆ ಈ ಭಾನುವಾರ ಕೆಲಸದ ಮೇಲಿದ್ದರಂತೆ, ಮನೆಯಲ್ಲಿ ತಾಯಿ ಮಗಳು ಇಬ್ಬರೇ. "ನಾ ಒಂದ ತುತ್ತು ಬಾಯಾಗ ಇಟ್ಟು ಉಗುಳಿದೆ ಸರ್. ಭಾಳ ಕಹಿ ಇತ್ತು. ಅವ್ವ ಕೇಳಲಿಲ್ಲ. ಅಡವಿ ತಪ್ಪಲ ಅಂದ್ರ ಕಹಿನs ಇರತೈತಿ, ನೀ ಮೊದಲ್ನೇ ಸಲ ಮಾಡೀದಿ, ಚೆಲ್ಲೂದಿಲ್ಲ ಅಂತ ಎಲ್ಲಾ ತಿಂದ್ಲು." ಸಂಜೆಗೆ ವಾಂತಿ ಶುರುವಾಯಿತು. ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದು ಬಲಗೈ ಮಣಿಕಟ್ಟು ಮುರಿದಿದೆ. ಆಸ್ಪತ್ರೆಗೆ ತಂದಾಗ ನಾಡಿ ನಿಮಿಷಕ್ಕೆ ಮೂವತ್ತೆಂಟು.

ಉಳಿದ ಸೊಪ್ಪನ್ನು ಚೀಲದಲ್ಲಿ ತಂದಿದ್ದಳು. ಒಂದು ಎಳೆಯ ಬುಡದಲ್ಲಿ ಬಿಳಿ ಗಡ್ಡೆಯ ಚೂರು ಅಂಟಿಕೊಂಡಿತ್ತು, ಈರುಳ್ಳಿಯಂತೆ ಪದರು ಪದರು. ಫೋಡಶಿಗೆ ಗಡ್ಡೆ ಇರುವುದಿಲ್ಲ, ಬೇರುಗಳಿರುತ್ತವೆ. ಇದು ಅಡವಿ ಉಳ್ಳಾಗಡ್ಡಿ. ಹೃದಯದ ಬಡಿತವನ್ನೇ ಇಳಿಸಿಬಿಡುವ ವಿಷ. ಒಂದೇ ನಿಮಿಷದಲ್ಲಿ ಗುರುತಿಸಿ ಹೇಳಿದೆ. "ನೀವು ಬಂದದ್ದು ಚಲೋ ಆತು ಸರ್, ಇನ್ನ ನಮಗ ದಾರಿ ಗೊತ್ತಾತು" ಎಂದರು ಡಾಕ್ಟರು.

ಸಪ್ನಾ ನನ್ನ ಕಡೆಗೇ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ನಾನು ಡಾಕ್ಟರ ಜೊತೆ ಮಾತಾಡುತ್ತಿದ್ದೆ.

ಜುಲೈ ೧೬, ಮಂಗಳವಾರ

ಮೇಡಂ ಲಿಖಿತ ಹೇಳಿಕೆ ಕೇಳಿದರು. ಬರೆದುಕೊಟ್ಟೆ.

'ಯಾವ ಸಸ್ಯವನ್ನೂ ಮನೆಗೆ ಒಯ್ಯಬಾರದೆಂದು ವಿದ್ಯಾರ್ಥಿಗಳಿಗೆ ಸೂಚಿಸಲಾಗಿತ್ತು. ಸದರಿ ವಿದ್ಯಾರ್ಥಿನಿ ಆ ಸೊಪ್ಪನ್ನು ನನಗೆ ತೋರಿಸಿ ಕೇಳಿರಲಿಲ್ಲ.'

ಎರಡನೆಯ ವಾಕ್ಯವನ್ನು ಮೇಡಂ ಹೇಳಿ ಬರೆಸಿದ್ದಲ್ಲ. ಹೇಳಿಕೆ ಪೂರ್ತಿಯಾಗಿರಲಿ ಎಂದು ನಾನೇ ಸೇರಿಸಿದೆ.

ಜುಲೈ ೨೦, ಶನಿವಾರ

ಆ ತಾಯಿ ಅಪಾಯದಿಂದ ಪಾರಾಗಿದ್ದಾರೆ. ನಾಡಿ ಸರಿಯಾಗಿದೆಯಂತೆ. ಕೈಗೆ ಪ್ಲಾಸ್ಟರ್ ಹಾಕಿದ್ದಾರೆ. ದೊಡ್ಡ ಗಂಡಾಂತರ ಕಳೆಯಿತು.

ಇಂದಿನಿಂದ ಚಾತುರ್ಮಾಸ. ಅಮ್ಮನನ್ನು ಬಸದಿಗೆ ಕರೆದುಕೊಂಡು ಹೋಗಿ ಬಂದೆ. ಪ್ರವಚನದ ಒಂದು ಮಾತೂ ತಲೆಯಲ್ಲಿ ನಿಲ್ಲಲಿಲ್ಲ.

ಆಗಸ್ಟ್ ೧, ಗುರುವಾರ

ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಶಿಸ್ತು ಬಂದಿದೆ ಎಂದುಕೊಳ್ಳಬಹುದು. ಮೊದಲ ಬೆಂಚಿನಲ್ಲಿ ಜಾಗ ಖಾಲಿ ಇದ್ದರೂ ಯಾರೂ ಅಲ್ಲಿ ಕೂರುವುದಿಲ್ಲ.

ಸಪ್ನಾಳ ತಂದೆ ಬಾಳಪ್ಪ ಲೋಂಡಾದಲ್ಲಿ ರೈಲ್ವೆ ಗ್ಯಾಂಗ್‌ಮನ್. ವಾರಕ್ಕೊಮ್ಮೆ ಮನೆಗೆ ಬರುವವರು. ಮಗಳನ್ನು ಕಾಲೇಜು ಬಿಡಿಸಿ ಪಾರಿಶ್ವಾಡದಲ್ಲಿರುವ ತಂಗಿಯ ಮನೆಗೆ ಕಳಿಸಿದ್ದಾರೆಂದು ತಮ್ಮಣ್ಣ ಹೇಳಿದ. ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಗಾಜಿನ ಬಾಟಲಿಗಳನ್ನು ಒರೆಸುತ್ತಿದ್ದ.

ತಂದೆಯ ನಿರ್ಧಾರ. ಅದರಲ್ಲಿ ನಾನೇನು ಮಾಡಲಿ.

ಆಗಸ್ಟ್ ೬, ಮಂಗಳವಾರ

ಇಂದು ಪಾಠ ಮಾಡಲಿಲ್ಲ. ತಲೆನೋವು ಎಂದು ಹೇಳಿ ಬಂದೆ.

ಆಗಸ್ಟ್ ೧೭, ಶನಿವಾರ

ಖಾನಾಪುರಕ್ಕೆ ಒಬ್ಬನೇ ಹೋಗಿದ್ದೆ. ಈ ಎರಡು ಗಿಡಗಳ ಹೋಲಿಕೆಯ ಬಗ್ಗೆ ಸಣ್ಣ ಲೇಖನ ಬರೆಯೋಣ ಎಂಬುದು ನನಗೆ ನಾನೇ ಹೇಳಿಕೊಂಡ ಕಾರಣ. ಬಲ್ಲವರಿಗೂ ಇವುಗಳ ವ್ಯತ್ಯಾಸ ತಿಳಿಯುವುದು ಕಷ್ಟ ಎಂದು ಯಾರಾದರೂ ಹೇಳಿದರೆ ಸಾಕಾಗಿತ್ತು.

ತಮ್ಮಣ್ಣನಿಂದ ದಾರಿ ಕೇಳಿಕೊಂಡು ಸಾತವ್ವನ ಮನೆ ಹುಡುಕಿದೆ. ಎಪ್ಪತ್ತು ದಾಟಿರಬೇಕು. ಮಾತಿನ ಮಧ್ಯೆ ಮರಾಠಿ ಬರುತ್ತದೆ. ತಲೆಯ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದುಕೊಂಡು, ಅದೇ ಬಯಲಿಗೆ ನನ್ನನ್ನು ಕರೆದೊಯ್ದಳು. ಫೋಡಶಿ ಬಲಿತು ಬಿಳಿ ಹೂ ಬಿಟ್ಟಿತ್ತು. ಮೊಣಕಾಲೂರಿ ಎರಡೂ ಗಿಡಗಳನ್ನು ಬುಡಸಮೇತ ಎತ್ತಿದಳು.

"ಇದು ನೋಡ್ರಿ. ಎಲಿ ನಡುವ ಗೆರಿ ಐತಿ, ಮಡಚಿದಂಗ ಕುಂದರತೈತಿ. ಬುಡಕ ಬೇರು. ಈ ಇನ್ನೊಂದರದು ಎಲಿ ಚಪ್ಪಟಿ, ಬುಡಕ ಗಡ್ಡಿ. ಮುರೀರಿ ಈಗ."

ಮುರಿದೆ. ಲೋಳೆ ಬಂತು. ಸ್ವಲ್ಪ ಹೊತ್ತಿಗೆ ಬೆರಳು ತುರಿಸತೊಡಗಿತು.

"ಆತಲ್ಲ? ಅದs ಹೇಳತೈತಿ, ನನ್ನ ಮುಟ್ಟಬ್ಯಾಡ ಅಂತ."

"ಎಳೆಯದಿದ್ದಾಗ ಗುರುತು ಸಿಗುವುದು ಕಷ್ಟ ಅಲ್ಲವೇನಮ್ಮಾ?"

"ಎದರ ಕಷ್ಟ್ರಿ? ನಮ್ಮ ಸಣ್ಣ ಹುಡುಗ್ಯಾರು ಸೈತ ಆರಸ್ತಾರ."

"ಆದರೂ, ಅನುಮಾನ ಬಂದರೆ ನೀವು ಏನು ಮಾಡುತ್ತೀರಿ?"

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಗೊತ್ತಾಗಲಿಲ್ಲ ಅಂದ್ರ ಕೊಯ್ಯೂದಿಲ್ಲ. ಬಾಜುದಾಕಿನ್ನ ಕರದು ಕೇಳ್ತೀವಿ. ಅದ್ರಾಗೇನ್ರಿ?" ಎಂದು ಮಣ್ಣು ಕೊಡವಿಕೊಂಡು ಎದ್ದಳು.

ಬಸ್ಸಿನಲ್ಲಿ ಬೆಳಗಾವಿಗೆ ಬರುವವರೆಗೂ ಬೆರಳು ಉರಿಯುತ್ತಿತ್ತು.

ಜುಲೈ ಹದಿಮೂರರಂದು ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಇದು ನನ್ನ ಹೊರತು ಯಾರೂ ಓದದ ಪುಸ್ತಕ. ಇದರಲ್ಲೂ ಬರೆದಿರಲಿಲ್ಲ.

ಸಪ್ನಾ ಕೇಳಿದ್ದಳು. ಸೆರಗಿನಂತೆ ಹಿಡಿದ ದುಪಟ್ಟಾದಲ್ಲಿ ಸೊಪ್ಪು ತುಂಬಿಕೊಂಡು ಬಂದು, "ಸರ್, ಇದು ಫೋಡಶಿ ಹೌದಲ್ರಿ? ಮನಿಗೆ ಒಯ್ಲೇನ್ರಿ?" ಎಂದಳು. ಸುತ್ತ ಏಳೆಂಟು ಮಕ್ಕಳಿದ್ದರು. ನಾನು ಆವರೆಗೆ ಫೋಡಶಿಯನ್ನು ಚಿತ್ರದಲ್ಲಿ ಬಿಟ್ಟರೆ ನೋಡಿದವನಲ್ಲ. ನನಗೆ ಗೊತ್ತಿಲ್ಲ ಎನ್ನುವ ಮಾತು ನಾಲಿಗೆಯ ತನಕ ಬಂತು. ಅದಕ್ಕೂ ಸ್ವಲ್ಪ ಮೊದಲು ಒಬ್ಬ ಹುಡುಗ ತಂದ ಬಳ್ಳಿಯ ಹೆಸರನ್ನು ನಾನು ತಪ್ಪಾಗಿ ಹೇಳಿದಾಗ ತಮ್ಮಣ್ಣ ತಿದ್ದಿ, ಮಕ್ಕಳು ನಕ್ಕಿದ್ದರು. ಇನ್ನೊಮ್ಮೆ ನಗಿಸಿಕೊಳ್ಳಲು ಮನಸ್ಸಾಗಲಿಲ್ಲ. ಒಂದು ಎಲೆ ಎತ್ತಿ, ಬೆಳಕಿಗೆ ಹಿಡಿದು, ಬಹಳ ನೋಡಿದವನಂತೆ ಮಾಡಿ, "ಹೌದು, ಫೋಡಶಿ. ಒಯ್ಯಿ, ಚೆನ್ನಾಗಿ ತೊಳೆದು ಮಾಡು" ಎಂದೆ.

ಮನೆಗೆ ಒಯ್ಯಬಾರದೆಂದು ನಾನು ಯಾರಿಗೂ ಸೂಚಿಸಿರಲಿಲ್ಲ.

ಆಗಸ್ಟ್ ೨೨, ಗುರುವಾರ

ತರಗತಿಯಲ್ಲಿ ಆ ಏಳೆಂಟು ಮಂದಿಯನ್ನು ಲೆಕ್ಕ ಹಾಕಿದೆ. ಅವರೆಲ್ಲ ಇದ್ದಾರೆ. ಆ ದಿನ ಕೇಳಿಸಿಕೊಂಡವರು. ಯಾರೂ ಏನೂ ಹೇಳಿಲ್ಲ. ಆಂತರಿಕ ಅಂಕಗಳು ನನ್ನ ಕೈಯಲ್ಲಿವೆ ಎಂಬುದು ಅವರಿಗೆ ಗೊತ್ತು. ನನಗೂ.

ಒಂದೂವರೆ ತಿಂಗಳಿನಿಂದ ಅವರ ಮುಂದೆ ನಿಂತು ಪಾಠ ಮಾಡುತ್ತಿದ್ದೇನೆ.

ಸೆಪ್ಟೆಂಬರ್ ೧೯, ಗುರುವಾರ

ಇಂದು ಕ್ಷಮಾವಾಣಿ. ಹತ್ತು ದಿನದ ಪರ್ವ ಮುಗಿದು, ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಬೆಳಿಗ್ಗೆಯಿಂದ ಮೊಬೈಲಿನಲ್ಲಿ ನೂರಾರು ಸಂದೇಶಗಳು. ಹೂವಿನ ಚಿತ್ರ, ಕೈಮುಗಿದ ಚಿತ್ರ, 'ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳಿಗೆ.' ನಾನೂ ಅದನ್ನೇ ಎಲ್ಲರಿಗೂ ಕಳಿಸಿದೆ. ಸೋದರಮಾವನಿಗೆ, ಸಹೋದ್ಯೋಗಿಗಳಿಗೆ, ಹಾಲಿನವನಿಗೂ.

ಅಮ್ಮ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. "ಇವರಿಗೆಲ್ಲಾ ನೀ ಏನ ತಪ್ಪ ಮಾಡೀದಿ?" ಎಂದು ಕೇಳಿದಳು. ಸುಮ್ಮನೆ ಕೇಳಿದ್ದು. ಏನೂ ಮಾಡಿಲ್ಲಮ್ಮ ಎಂದೆ.

ಮಧ್ಯಾಹ್ನ ಅನಗೋಳಕ್ಕೆ ಹೋದೆ. ಗಲ್ಲಿಯ ಕೊನೆಯ ಮನೆ. ಕಾಂತಾ ಒಬ್ಬರೇ ಇದ್ದರು. ಪ್ಲಾಸ್ಟರ್ ತೆಗೆದಿದ್ದಾರೆ, ಬೆರಳು ಪೂರ್ತಿ ಮಡಚುವುದಿಲ್ಲ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಹಣೆಯ ವಿಭೂತಿ ಎಡಗೈಯಿಂದ ಹಚ್ಚಿಕೊಂಡದ್ದು, ಓರೆಯಾಗಿತ್ತು.

"ಬರ್ರಿ ಸರ್, ಕುಂದರ್ರಿ" ಎಂದರು. ಹೋದ ಬಾರಿ ಆಸ್ಪತ್ರೆಯಲ್ಲಿ ಗಿಡ ಗುರುತಿಸಿ ಜೀವ ಉಳಿಸಿದವನು ಎಂದೇ ಅವರಿಗೆ ನನ್ನ ಪರಿಚಯ ಎಂದುಕೊಂಡಿದ್ದೆ. ಬೆಲ್ಲದ ಚಹಾ ಮಾಡಿ ಕೊಟ್ಟರು, ಒಂದೇ ಕೈಯಲ್ಲಿ.

"ಇಂದು ನಮ್ಮಲ್ಲಿ ಕ್ಷಮೆ ಕೇಳುವ ದಿನ" ಎಂದು ಶುರು ಮಾಡಿದೆ. "ನನ್ನಿಂದ ಏನಾದರೂ ತಪ್ಪಾಗಿದ್ದರೆ..."

ಕಾಂತಾ ಲೋಟ ಕೆಳಗಿಟ್ಟರು.

"ಏನಾದ್ರೂ ಅಂದ್ರ ಏನ್ರಿ ಸರ್?"

ನಾನು ಚಹಾದ ಲೋಟ ಬಾಯಿಗೆ ಎತ್ತಿದೆ.

"ನಮ್ಮ ಹುಡುಗಿ ಮೊದಲಿಂದ ಒಂದs ಮಾತ ಹೇಳಾಕ್ಹತ್ತಿದ್ಲು. ಸರ್‌ನ ಕೇಳಿದ್ದೆ, ಸರ್ ಹೌದಂದ್ರು ಅಂತ. ಅವರಪ್ಪ ಕಾಲೇಜಿಗೆ ಹೋಗಿ ವಿಚಾರಿಸಿದ್ರು. ನೀವು ಬರದ ಕಾಗದಾ ತೋರಿಸಿದ್ರು ಅವರಿಗೆ. ಅಷ್ಟ ಕಲಿತ ಮಂದಿ ಸುಳ್ಳ ಬರೀತಾರೇನು ಅಂತ ಮನಿಗೆ ಬಂದು ಆಕಿ ಮ್ಯಾಲ ಕೈ ಮಾಡಿದ್ರು. ಪಲ್ಯಕ್ಕ ಅಲ್ರಿ ಹೊಡದದ್ದು. ಸುಳ್ಳ ಹೇಳಿದಿ ಅಂತ ಹೊಡದದ್ದು. ಅದಕ್ಕs ಆಕಿನ್ನ ಪಾರಿಶ್ವಾಡಕ್ಕ ಒಯ್ದು ಬಿಟ್ಟದ್ದು."

ಹೊರಗೆ ಯಾರೋ ಗಲ್ಲಿಯಲ್ಲಿ ಸೈಕಲ್ಲು ತಳ್ಳಿಕೊಂಡು ಹೋದರು. ಕಾಂತಾ ಎದ್ದು ಬಾಗಿಲು ಮುಂದೆ ಮಾಡಿದರು.

"ನೀವು ಇವತ್ತ ನಿಮ್ಮ ಹಬ್ಬಂತ ಕ್ಷಮಾ ಕೇಳಾಕ ಬಂದೀರೋ, ಖರೇ ಹೇಳಾಕ ಬಂದೀರೋ?"

ಎದ್ದು ನಿಂತೆ. ಕೈಮುಗಿದೆ ಅನಿಸುತ್ತದೆ. ಚಪ್ಪಲಿ ಮೆಟ್ಟಿಕೊಂಡು ಗಲ್ಲಿಯ ತುದಿಯ ತನಕ ಬಂದ ಮೇಲೆ ಛತ್ರಿ ಅಲ್ಲೇ ಬಿಟ್ಟದ್ದು ನೆನಪಾಯಿತು. ಹಿಂತಿರುಗಿ ಹೋಗಲಿಲ್ಲ.

ಸೆಪ್ಟೆಂಬರ್ ೨೦, ಶುಕ್ರವಾರ

ಹೊಡೆದರಂತೆ.

ಸೆಪ್ಟೆಂಬರ್ ೨೧, ಶನಿವಾರ

ಅಮ್ಮನಿಗೆ ಎಲ್ಲ ಹೇಳಿದೆ. ಮೂರನೆಯವರ ಕಥೆಯಂತೆ ಶುರು ಮಾಡಿದ್ದೆ, ಅರ್ಧದಲ್ಲಿ 'ನಾನು' ಎಂದು ಬಂದುಬಿಟ್ಟಿತು. ಎಂಬತ್ತೆರಡು ವರ್ಷದ ಅವಳು ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಜಪಮಣಿ ಕೆಳಗಿಟ್ಟು, "ಬರದದ್ದು ಕಾಗದದ ಮ್ಯಾಲ ಅಲ್ಲ? ಹಂಗಾರ ಕಾಗದದ ಮ್ಯಾಲs ತಿದ್ದು. ಬಾಯಿ ಮಾತು ಸಾಲೂದಿಲ್ಲ" ಎಂದಳು. ಆಮೇಲೆ ಊಟಕ್ಕೆ ಕರೆದಳು.

ಸೆಪ್ಟೆಂಬರ್ ೨೩, ಸೋಮವಾರ

ಹೊಸ ಹೇಳಿಕೆ ಬರೆದೆ. ಒಂದು ಪುಟವೂ ಆಗಲಿಲ್ಲ. ಆ ದಿನ ಏನಾಯಿತೋ ಅಷ್ಟೇ. ಮೊದಲು ಕಚೇರಿಯಲ್ಲಿ ಕೊಟ್ಟು, ಆವಕ ಪುಸ್ತಕದಲ್ಲಿ ದಾಖಲಿಸಿ ಸಂಖ್ಯೆ ಹಾಕಿಸಿಕೊಂಡು, ಆಮೇಲೆ ಮೇಡಂ ಕೋಣೆಗೆ ಹೋದೆ.

ಮೇಡಂ ಎರಡು ಸಲ ಓದಿದರು. "ಇದನ್ನ ತೊಗೊಂಡು ನಾ ಏನ ಮಾಡ್ಲಿ ಸರ್? ಆಕಿ ತಾಯಿ ಆರಾಮ ಆಗ್ಯಾಳ, ವಿಷಯ ತಣ್ಣಗಾಗ್ಯದ. ಹರದ ಹಾಕ್ತೀನಿ. ನೀವು ಬರದೇ ಇಲ್ಲ, ನಾ ಓದೇ ಇಲ್ಲ."

"ಆವಕ ಆಗಿದೆ ಮೇಡಂ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮುಖ್ಯಸ್ಥರ ಕುರ್ಚಿ ಮರತಬಿಡ್ರಿ ಹಂಗಾರ. ವಿಚಾರಣಿನೂ ಆಗತದ."

ಆಗಲಿ ಎಂದೆ. ಧೈರ್ಯದಿಂದ ಹೇಳಿದ ಮಾತಲ್ಲ.

ಸೆಪ್ಟೆಂಬರ್ ೨೯, ಭಾನುವಾರ

ಭಾನುವಾರ ಬಾಳಪ್ಪ ಮನೆಯಲ್ಲಿರುತ್ತಾರೆಂದು ಬೆಳಿಗ್ಗೆಯೇ ಅನಗೋಳಕ್ಕೆ ಹೋದೆ. ಕಾಂತಾ ಬಾಗಿಲು ತೆರೆದು ಒಳಗೆ ಸರಿದು ನಿಂತರು. ಕುಳಿತುಕೊಳ್ಳಿ ಎನ್ನಲಿಲ್ಲ. ಹೇಳಿಕೆಯ ಪ್ರತಿಯನ್ನು ನಿಂತೇ ಓದಿದೆ. ಬಾಳಪ್ಪ ಗೋಡೆಗೆ ಒರಗಿ ನೆಲ ನೋಡುತ್ತಿದ್ದರು. ಓದಿ ಮುಗಿಸಿದ ಮೇಲೆ ಗೂಟಕ್ಕೆ ಹಾಕಿದ್ದ ಅಂಗಿ ತೆಗೆದು ತೊಟ್ಟುಕೊಂಡರು.

"ನಡೀರಿ. ಇದನ್ನ ಆಕಿ ಮುಂದ ಓದ್ರಿ."

ಪಾರಿಶ್ವಾಡದ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ, ನಾನು ಹಿಂದಿನ ಸೀಟಿನಲ್ಲಿ. ಇಕ್ಕೆಲದ ಗದ್ದೆಗಳಲ್ಲಿ ಭತ್ತ ಹಾಲು ತುಂಬಿತ್ತು. ಅರ್ಧ ದಾರಿ ಕಳೆಯಿತು. ಆಮೇಲೆ ಹಿಂತಿರುಗದೆಯೇ ಹೇಳಿದರು.

"ನಾ ಹಳಿ ಮ್ಯಾಲ ಕೆಲಸಾ ಮಾಡಾಂವ. ಒಂದ ಬೋಲ್ಟ್ ಸಡಲ ಐತಿ ಅಂತ ಅನುಮಾನ ಬಂದ್ರ ಸಾಕು, ಕೆಂಪ ನಿಶಾನಿ ಹಿಡೀತೀವಿ. ಗಾಡಿ ತಡಾ ಆದ್ರ ಆಗಲಿ. ಸಾಹೇಬ್ರು ಬೈದ್ರ ಬೈಲಿ." ಕಿಟಕಿಯ ಸರಳು ಹಿಡಿದು, "ನಿಮಗ ಒಂದ ಮಾತ ಬರಲಿಲ್ಲಲ್ರಿ ಸರ್. ನಿಮ್ಮ ಕಾಗದಾ ನಂಬಿ ನಾ ಹೊಡದೆ. ಹದಿನೆಂಟ ವರ್ಷದಾಗ ಒಮ್ಮಿನೂ ಹೊಡದಿದ್ದಿಲ್ಲ" ಎಂದರು. ಬೆನ್ನು ಮಾತ್ರ ಕಾಣುತ್ತಿತ್ತು ನನಗೆ.

ಸಪ್ನಾ ಅತ್ತೆಯ ಮನೆಯ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ತೆಳ್ಳಗಾಗಿದ್ದಾಳೆ. ಅತ್ತೆ ಬಾಗಿಲಿಗೆ ಬಂದರು, ಪಕ್ಕದ ಮನೆಯವರು ಇಣುಕಿದರು. ಬಾಳಪ್ಪ ಯಾರನ್ನೂ ಆಚೆ ಕಳಿಸಲಿಲ್ಲ. ನಾನು ಓದಿದೆ. 'ಸದರಿ ವಿದ್ಯಾರ್ಥಿನಿ' ಎಂದು ಬರೆದಲ್ಲೆಲ್ಲ ಸಪ್ನಾ ಎಂದು ಓದಿದೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ.

"ಅಪ್ಪಾ, ಈಗರ ನಂಬ್ತಿ?"

ಬಾಳಪ್ಪ ಒಳಗೆ ಹೋದರು. ಮಗಳ ಬಟ್ಟೆಗಳನ್ನು ಅವರೇ ಚೀಲಕ್ಕೆ ತುಂಬುವ ಸದ್ದು ಕೇಳಿಸುತ್ತಿತ್ತು.

ಆಗ ಸಪ್ನಾ ನನ್ನನ್ನು ನೋಡಿದಳು. "ಆವತ್ತ ದವಾಖಾನಿಯೊಳಗ ನೀವು ಡಾಕ್ಟರ ಮುಂದ ಹೇಳ್ತೀರಿ ಅಂತ ಹಾದಿ ನೋಡಿದೆ ಸರ್. ಆಮ್ಯಾಲ ನಾಳೆ ಹೇಳ್ತೀರಿ, ನಾಡದು ಹೇಳ್ತೀರಿ ಅಂತ. ಕಡೀಕ ನನಗs ಅನುಮಾನ ಬರಾಕ್ಹತ್ತು, ನಾ ಖರೇನ ಕೇಳಿದ್ನೋ ಇಲ್ಲೋ ಅಂತ."

ಕ್ಷಮಿಸು ಎಂದೆ.

"ಕ್ಲಾಸಿನಾಗ ಏಳೆಂಟ ಮಂದಿ ಕೇಳಿದ್ರು. ಅವರ ಮುಂದನೂ ಹೇಳ್ರಿ. ನಾ ಬಂದ ಮ್ಯಾಲ ಹೇಳ್ರಿ, ನಾ ಇಲ್ಲದಾಗ ಅಲ್ಲ" ಎಂದಳು.

ಅವರಿಬ್ಬರೂ ಬಂದ ಬಸ್ಸಿನಲ್ಲೇ ಹಿಂತಿರುಗಿದರು. ನಾನು ಮುಂದಿನ ಬಸ್ಸಿಗೆ ನಿಂತೆ.

ಅಕ್ಟೋಬರ್ ೧, ಮಂಗಳವಾರ

ಆಡಳಿತ ಮಂಡಳಿ ಈ ವಿಷಯವನ್ನು ನನ್ನಿಂದ ತೆಗೆದಿದೆ. ಶುಕ್ರವಾರದ್ದು ಕೊನೆಯ ತರಗತಿ. ಸಪ್ನಾಳಿಗೆ ತಪ್ಪಿದ ದಿನಗಳ ಹಾಜರಿ ಕೊಟ್ಟು ಮತ್ತೆ ಸೇರಿಸಿಕೊಳ್ಳಲು ಮೇಡಂ ಒಪ್ಪಿದ್ದಾರೆ. ನನ್ನ ಹೇಳಿಕೆಯ ಪ್ರತಿಯೊಂದನ್ನು ಬಾಳಪ್ಪನಿಗೆ ಕಾಲೇಜಿನ ಮುದ್ರೆ ಹಾಕಿ ಕಳಿಸಲೂ ಒಪ್ಪಿದರು. "ಇಷ್ಟ ವರ್ಷ ನಿಮ್ಮನ್ನ ನೋಡೀನಿ, ಹಿಂಗ ಹಟ ಮಾಡಿದ್ದ ನೋಡಿದ್ದಿಲ್ಲ" ಎಂದರು. ಹಟವೇನೂ ಮಾಡಿರಲಿಲ್ಲ. ಕೇಳಿದೆ, ಅಷ್ಟೇ.

ಹೊಸಬರು ಬರುವ ತನಕ ವಾರಕ್ಕೊಂದು ಪಾಠ ಸಾತವ್ವ ಮಾಡಲಿ ಎಂದೂ ಬರೆದುಕೊಟ್ಟಿದ್ದೇನೆ. ಒಪ್ಪುತ್ತಾರೋ ಇಲ್ಲವೋ.

ಅಕ್ಟೋಬರ್ ೪, ಶುಕ್ರವಾರ

ಮೂವತ್ತಾರೂ ಮಂದಿ ಇದ್ದರು. ಸಪ್ನಾ ಗಂಟೆ ಬಾರಿಸಿದ ಮೇಲೆ ಬಂದಳು. ಮೊದಲ ಬೆಂಚಿಗೆ ಬರಲಿಲ್ಲ, ಹಿಂದೆ ಕಿಟಕಿಯ ಹತ್ತಿರ ಕುಳಿತಳು.

ಮೇಜಿನ ಮೇಲೆ ಎರಡೂ ಗಿಡಗಳನ್ನಿಟ್ಟಿದ್ದೆ, ಬುಡಸಮೇತ. ಸಾತವ್ವ ತಮ್ಮಣ್ಣನ ಕೈಯಲ್ಲಿ ಕಳಿಸಿದ್ದು. ಮೊದಲು ಅವುಗಳ ವ್ಯತ್ಯಾಸ ತೋರಿಸಿದೆ, ಎಲೆಯ ನಡುಗೆರೆ, ಬೇರು, ಗಡ್ಡೆ. ಆಮೇಲೆ ಜುಲೈ ಹದಿಮೂರರಂದು ನನಗೆ ಇದು ತಿಳಿದಿರಲಿಲ್ಲ ಎಂದು ಹೇಳಿದೆ. ಸಪ್ನಾ ತೋರಿಸಿ ಕೇಳಿದಳು, ನಾನು ಹೌದು ಅಂದೆ, ಒಯ್ಯಿ ಅಂದೆ, ಆಮೇಲೆ ಅವಳು ಕೇಳಲೇ ಇಲ್ಲವೆಂದು ಬರೆದುಕೊಟ್ಟೆ ಎಂದು ಹೇಳಿದೆ.

ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅದಕ್ಕೆ ನಾನು ಸಿದ್ಧನಾಗಿರಲಿಲ್ಲ.

ನಡುವಿನ ಬೆಂಚಿನಿಂದ ಒಬ್ಬಳು ಎದ್ದಳು. "ನಾವು ಕೇಳಿದ್ವಿ ಸರ್, ಆವತ್ತ. ಎಲ್ಲಾರ್ಗೂ ಗೊತ್ತಿತ್ತು. ಮಾರ್ಕ್ಸ್ ನಿಮ್ಮ ಕೈಯಾಗ ಇದ್ವು ಅಂತ..." ಅವಳು ಸಪ್ನಾಳ ಕಡೆ ತಿರುಗಿ ನೋಡಿ, ಕುಳಿತಳು. ಸಪ್ನಾ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ನಾನು ನಿಲ್ಲಿಸಿದ ಮೇಲೂ ಅವಳ ಪೆನ್ನು ಸ್ವಲ್ಪ ಹೊತ್ತು ಓಡಿತು.

ತರಗತಿ ಬಿಟ್ಟು ಹೊರಬಂದರೆ ಮೊಗಸಾಲೆಯಲ್ಲಿ ಕಾಂತಾ ನಿಂತಿದ್ದರು. ನೋಯುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಕಿಟಕಿಯ ಪಕ್ಕದಲ್ಲಿ.

"ಕೇಳಿದೆ ನಾ. ಎಲ್ಲಾ ಕೇಳಿದೆ" ಎಂದರು.

ನಾನು ಕೈಮುಗಿಯಲು ಹೋದೆ. ಅವರು ಬೇಡವೆಂದು ತಲೆಯಾಡಿಸಿದರು.

"ಮತ್ತ ಕ್ಷಮಾ ಕೇಳಬ್ಯಾಡ್ರಿ ಸರ್. ನನ್ನ ಕೈ ಬರತೈತಿ, ಹೊಲಿಗಿನೂ ಬರತೈತಿ. ಆದ್ರ ನಮ್ಮ ಹುಡುಗಿ ಒಲಿ ಮುಂದ ನಿಲ್ಲಾಕ ಅಂಜತಾಳ. ಮೊನ್ನೆ ನನಗ ಬರೇ ಅನ್ನಕ್ಕ ಇಟ್ಟು, ತಾ ಮೊದಲ ಉಂಡು, ಅರ್ಧಾ ತಾಸು ಕುಂತು, ಆಮ್ಯಾಲ ನನಗ ಬಡಿಸಿದ್ಲು. ಅದು ಹೋಗಲಿ ಮೊದಲ. ಆಮ್ಯಾಲ ನೋಡೂಣು."

ಸಪ್ನಾ ಬಂದು ತಾಯಿಯ ಹೆಗಲಿನಿಂದ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ಕಾಂತಾ ಕಟಕಟೆ ಹಿಡಿಯಲು ಬಲಗೈ ಚಾಚಿದ್ದು, ಹಿಡಿಯಲಾಗದೆ ಮಗಳ ತೋಳು ಹಿಡಿದದ್ದು ಮೇಲಿನಿಂದ ಕಾಣಿಸಿತು.